ಅಂಗಳವಿಲ್ಲದ ಊರಿನಲ್ಲಿ ಎಳೆಯರ ಹೆಜ್ಜೆ

ಎಡಗೈಯ ಮೇಲೆ ಮೂರು ತಟ್ಟೆ ದೋಸೆ, ಬಲಗೈಯಲ್ಲಿ ಎರಡು ಲೋಟ ಕಾಫಿ. ಒದ್ದೆ ನೆಲ, ಕಿಕ್ಕಿರಿದ ಮೇಜುಗಳು, ಎದುರಿನಿಂದ ಬರುತ್ತಿರುವ ಇನ್ನೊಬ್ಬ ಸಪ್ಲಾಯರ್. ಇಷ್ಟರ ನಡುವೆ ಒಂದು ಹನಿಯೂ ತುಳುಕದಂತೆ ನಡೆದು ಬರುವ ನಮ್ಮ ಹೊಟೇಲು ಬಂಧುಗಳನ್ನು ಪುಣೆಯ ಗಿರಾಕಿಗಳು ದಿನವೂ ನೋಡುತ್ತಾರೆ. ಆದರೆ ಈ ವಿದ್ಯೆಯನ್ನು ಅವರು ಎಲ್ಲಿ ಕಲಿತರೆಂದು ಯಾರೂ ಕೇಳುವುದಿಲ್ಲ. ಹೊಟೇಲಿಗೆ ಬಂದ ಮೇಲೆ ಕಲಿತದ್ದು ಅದರ ಕೊನೆಯ ಪಾಠ ಮಾತ್ರ. ಮೊದಲ ಪಾಠಗಳೆಲ್ಲ ಊರಿನಲ್ಲಿಯೇ ಆಗಿದ್ದವು. ಗದ್ದೆಯ ಅಂಚಿನ ಮೇಲೆ ಓಡಿದಾಗ, ತೋಡಿಗೆ ಅಡ್ಡ ಹಾಕಿದ ಅಡಿಕೆ ಮರದ ಸಂಕವನ್ನು ದಾಟಿದಾಗ, ಹೊಲದ ಬದುವಿನಲ್ಲಿ ಬುತ್ತಿ ಹೊತ್ತ ತಾಯಿಯ ಹಿಂದೆ ಹೆಜ್ಜೆ ಹಾಕಿದಾಗ, ಸಗಣಿ ಸಾರಿಸಿದ ಅಂಗಳದಲ್ಲಿ ಬಿದ್ದು ಎದ್ದಾಗ ಆ ಪಾಠಗಳು ನಡೆದವು. ಕಲಿಸಿದೆನೆಂದು ಹೇಳಿಕೊಂಡವರೂ ಇಲ್ಲ, ಕಲಿತೆನೆಂಬ ಅರಿವೂ ಇಲ್ಲ.

ಈಗ ಆ ಬಂಧುಗಳು ತಮ್ಮ ಮನೆಯ ಕೂಸನ್ನು ಒಮ್ಮೆ ನೋಡಬೇಕು. ಗದ್ದೆಯಿಲ್ಲ, ಸಂಕವಿಲ್ಲ, ಬದುವಿಲ್ಲ. ಹತ್ತಡಿ ಅಗಲದ ಖೋಲಿ, ನುಣುಪಾದ ನೆಲಗಲ್ಲು, ಬಾಗಿಲಾಚೆ ಮೆಟ್ಟಿಲು, ಮೆಟ್ಟಿಲಿನ ಕೆಳಗೆ ವಾಹನಗಳ ಸಾಲು. ನಮ್ಮ ಕಾಲುಗಳಿಗೆ ಊರು ಉಚಿತವಾಗಿ ಕೊಟ್ಟದ್ದನ್ನು ನಮ್ಮ ಮಕ್ಕಳ ಕಾಲುಗಳಿಗೆ ನಾವು ಹುಡುಕಿ ಕೊಡಬೇಕಾಗಿದೆ. ಈ ಲೇಖನದ ಉದ್ದೇಶ ಅಷ್ಟೇ.

ಮಗರಪಟ್ಟಾದ ಒಳಗೆ ಮತ್ತು ಹೊರಗೆ

ಪುಣೆಯ ಪೂರ್ವ ಭಾಗದಲ್ಲಿ, ಹಡಪ್ಸರದ ಬಳಿ ಇರುವ ಮಗರಪಟ್ಟಾ ನಗರದ ಹುಟ್ಟು ವಿಚಾರಾರ್ಹವಾದುದು. ಮಗರ ಮನೆತನದವರೇ ಮೊದಲಾದ ಸುಮಾರು 120 ರೈತ ಕುಟುಂಬಗಳು ತಮ್ಮ ಸುಮಾರು 400 ಎಕರೆ ಜಮೀನನ್ನು ಬಿಡಿಬಿಡಿಯಾಗಿ ಮಾರದೆ ಒಟ್ಟುಗೂಡಿಸಿ, ತಾವೇ ಪಾಲುದಾರರಾಗಿ, 2000ದಿಂದ ಈಚೆಗೆ ಕಟ್ಟಿಸಿದ ನಗರವಿದು. ಭೂಮಿಯ ಒಡೆತನ ರೈತರ ಕೈಯಲ್ಲಿಯೇ ಉಳಿದದ್ದರಿಂದಲೋ ಏನೋ, ಇಲ್ಲಿ ಮಣ್ಣಿಗೂ ಮರಕ್ಕೂ ಒಂದಿಷ್ಟು ಜಾಗ ಉಳಿಯಿತು. ನಗರದ ನಡುವೆ ಸುಮಾರು 25 ಎಕರೆಯ ಅದಿತಿ ಉದ್ಯಾನವಿದೆ. ಅದಿತಿಯೆಂದರೆ ಪುರಾಣದಲ್ಲಿ ದೇವತೆಗಳ ತಾಯಿ. ಎಳೆಯರು ಆಡುವ ತಾಣಕ್ಕೆ ಒಪ್ಪುವ ಹೆಸರು.

ಈ ನಗರದ ಒಳಗೆ ಕಂಪ್ಯೂಟರ್ ಕಚೇರಿಗಳಲ್ಲಿ ದುಡಿಯುವ ಕನ್ನಡಿಗರಿದ್ದಾರೆ. ಇದರ ಸುತ್ತಲಿನ ಹಡಪ್ಸರ, ಮುಂಢ್ವಾಗಳ ಖೋಲಿಗಳಲ್ಲಿ ಹೊಟೇಲು ಕೆಲಸಗಾರರೂ ಸಣ್ಣ ಸಂಬಳದ ಕಾರಕೂನರೂ ಇದ್ದಾರೆ. ಕರಾವಳಿಯಿಂದ ಬಂದವರುಂಟು, ಸೋಲಾಪುರದ ಹೆದ್ದಾರಿ ಹಿಡಿದು ವಿಜಯಪುರ, ಕಲಬುರ್ಗಿಗಳ ಕಡೆಯಿಂದ ಬಂದವರೂ ಉಂಟು. ಒಳಗಿನವರ ಮನೆಯಲ್ಲಿ ಲಿಫ್ಟು, ಹೊರಗಿನವರ ಮನೆಯಲ್ಲಿ ಕತ್ತಲೆಯ ಮೆಟ್ಟಿಲು. ಸಂಬಳ ಬೇರೆ, ಬಾಡಿಗೆ ಬೇರೆ. ಆದರೆ ಅಂಗಳ ಮಾತ್ರ ಇಬ್ಬರಿಗೂ ಇಲ್ಲ.

ಒಂದು ಸಂಜೆ ಅಲ್ಲಿಯ ಹುಲ್ಲುಹಾಸಿನ ಬದಿಯಲ್ಲಿ ನಾವು ಕಂಡ ನೋಟವೊಂದು ಮನಸ್ಸಿನಲ್ಲಿ ನಿಂತಿದೆ. ಎರಡು ವರ್ಷ ತುಂಬಿರಬಹುದಾದ ಮಗುವನ್ನು ತಂದೆ ಹುಲ್ಲಿನ ಮೇಲೆ ಇಳಿಸಿದರು. ಮಗು ಒಂದು ಕಾಲನ್ನು ಊರಿ, ಕೆಂಡ ತುಳಿದಂತೆ ಮೇಲಕ್ಕೆಳೆದುಕೊಂಡು ಅಳತೊಡಗಿತು. ಮನೆಯಲ್ಲಿ ಚೆನ್ನಾಗಿ ನಡೆಯುತ್ತದೆಯಂತೆ. ಹೊರಗೆ ಬಂದರೆ ಬಿದ್ದೀತೆಂಬ ಭಯದಿಂದ ಯಾವಾಗಲೂ ಎತ್ತಿಕೊಂಡೇ ಇರುವರೆಂದು ತಾಯಿ ಸಂಕೋಚದಿಂದ ಹೇಳಿದರು. ಆ ದಂಪತಿಗಳನ್ನು ದೂಷಿಸಲು ನಮಗೆ ಮನಸ್ಸಿಲ್ಲ. ಪರಸ್ಥಳದಲ್ಲಿ ಮಗುವಿಗೆ ಗಾಯವಾದರೆ ಓಡಿಬರಲು ಅಜ್ಜಿಯಿಲ್ಲ, ನೆರೆಯವರ ಭಾಷೆ ಬೇರೆ, ಡಾಕ್ಟರರ ಫೀಸು ದುಬಾರಿ. ಈ ಭಯ ಸಹಜವಾದುದು. ಆದರೆ ಸಹಜವಾದುದೆಲ್ಲ ಹಿತವಾದುದಲ್ಲ.

ಬೀಳುವುದೂ ಒಂದು ವಿದ್ಯೆ

ಸಮತೋಲವೆಂಬುದು ಕಾಲಿನ ಬಲವೊಂದರಿಂದಲೇ ಬರುವುದಿಲ್ಲ. ನಮ್ಮ ದೇಹದ ನಿಲುವನ್ನು ಮೂವರು ಸಾಕ್ಷಿಗಳು ಕ್ಷಣಕ್ಷಣಕ್ಕೂ ಮೆದುಳಿಗೆ ವರದಿ ಮಾಡುತ್ತಿರುತ್ತಾರೆ. ಮೊದಲನೆಯದು ಒಳಗಿವಿ, ಎರಡೂ ಕಿವಿಗಳ ಒಳಗೆ ಮೂರು ಮೂರು ಅರ್ಧವರ್ತುಲದ ನಾಳಗಳಿದ್ದು, ಅವುಗಳಲ್ಲಿನ ದ್ರವವು ತಲೆ ತಿರುಗಿದ ದಿಕ್ಕನ್ನು ತಿಳಿಸುತ್ತದೆ. ಎರಡನೆಯದು ಕಣ್ಣು. ಮೂರನೆಯದು ಅಂಗಾಲು, ಕೀಲು, ಸ್ನಾಯುಗಳಿಂದ ಬರುವ ಸುದ್ದಿ. ಈ ಮೂರೂ ಸಾಕ್ಷ್ಯಗಳನ್ನು ತಾಳೆ ನೋಡುವ ಕೆಲಸದಲ್ಲಿ ಕಿರುಮೆದುಳಿನದು ದೊಡ್ಡ ಪಾತ್ರ. ದಿನದ ಕೊನೆಗೆ ಬಿಲ್ಲಿನ ಪುಸ್ತಕವನ್ನೂ ಗಲ್ಲಾದ ಹಣವನ್ನೂ ತಾಳೆ ನೋಡುವ ಕಾರಕೂನನಂತೆ ಅದು ದುಡಿಯುತ್ತದೆ. ಆದರೆ ಈ ಕಾರಕೂನನು ಹೊಸಬ. ಅನುಭವವಾಗದ ಹೊರತು ಲೆಕ್ಕ ಸರಿಹೋಗದು. ಒಂದೇ ತೆರನ ನುಣುಪು ನೆಲದ ಮೇಲೆ ಮಾತ್ರ ನಡೆದ ಮಗುವಿನ ಕಿರುಮೆದುಳಿಗೆ ಒಂದೇ ತೆರನ ಲೆಕ್ಕ ಗೊತ್ತಿರುತ್ತದೆ. ಹುಲ್ಲು, ಮರಳು, ಇಳಿಜಾರು, ಬೇರು, ಕಲ್ಲು ಇವೆಲ್ಲ ಹೊಸ ಹೊಸ ಲೆಕ್ಕಗಳು.

ಈ ಲೆಕ್ಕ ಕಲಿಯುವಾಗ ತಪ್ಪಾಗುವುದೆಂದರೆ ಬೀಳುವುದು. ಅಮೆರಿಕೆಯ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ಮತ್ತು ಸಂಗಡಿಗರು 12ರಿಂದ 19 ತಿಂಗಳ ಮಕ್ಕಳು ಸ್ವೇಚ್ಛೆಯಾಗಿ ಆಡುವುದನ್ನು ಗಮನಿಸಿ 2012ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಒಂದು ಗಂಟೆಯಲ್ಲಿ ಮಕ್ಕಳು ಸರಾಸರಿ 2,368 ಹೆಜ್ಜೆ ಇಟ್ಟು 17 ಸಲ ಬಿದ್ದಿದ್ದರು! ಗಂಟೆಗೆ ಹದಿನೇಳು ಸಲ ಬಿದ್ದರೂ ನಡೆಯುವುದನ್ನು ಬಿಡದಿರುವುದೇ ಕೂಸಿನ ದೊಡ್ಡಸ್ತಿಕೆ. ಎರಡಡಿ ಎತ್ತರದ ದೇಹ ಹುಲ್ಲಿನ ಮೇಲೆ ಕುಸಿದರೆ ಆಗುವ ಪೆಟ್ಟು ಅಲ್ಪ. ಕೂಸು ಬಿದ್ದೊಡನೆ ಮೊದಲು ನೋಡುವುದು ತನ್ನ ಮೊಣಕಾಲನ್ನಲ್ಲ, ನಮ್ಮ ಮುಖವನ್ನು. ನಾವು ಚೀರಿದರೆ ಅದು ಅಳುತ್ತದೆ. ನಾವು ನಕ್ಕು ಕೈ ಚಾಚಿದರೆ ಎದ್ದು ಬರುತ್ತದೆ. ಇದನ್ನು ತಿಳಿಯಲು ಸಂಶೋಧನೆ ಬೇಕಿಲ್ಲ, ಮನೆಯಲ್ಲಿ ಒಂದು ಮಗು ಇದ್ದರೆ ಸಾಕು.

ಎಷ್ಟು ಹೊತ್ತು ಆಡಬೇಕೆಂಬುದಕ್ಕೂ ಉತ್ತರವುಂಟು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೊರಡಿಸಿದ ಸೂಚನೆಗಳ ಪ್ರಕಾರ, ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಟ್ಟು 180 ನಿಮಿಷವಾದರೂ ಮೈ ಕುಲುಕಿಸಿ ಚಟುವಟಿಕೆಯಿಂದಿರಬೇಕು. ಮೂರು-ನಾಲ್ಕು ವರ್ಷದವರಾದರೆ ಇದರಲ್ಲಿ 60 ನಿಮಿಷವಾದರೂ ಏದುಸಿರು ಬರುವಂತೆ ಓಡಾಡಬೇಕು. ಒಂದು ವರ್ಷದ ಕೂಸಿಗೆ ಟಿ.ವಿ., ಮೊಬೈಲುಗಳ ಪರದೆ ಸಲ್ಲದು; ಎರಡರಿಂದ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಮೂರು ಗಂಟೆಯೆಂದೊಡನೆ ವಾಚಕರು ಬೆಚ್ಚಬೇಕಾಗಿಲ್ಲ. ಅದು ಒಂದೇ ಉಸಿರಿನಲ್ಲಿ ಆಗಬೇಕಾದುದಲ್ಲ. ದಿನವಿಡೀ ಚೂರುಚೂರಾಗಿ ಕೂಡಿ ಬರಬೇಕಾದುದು. ಅದರಲ್ಲಿ ಅರ್ಧ ಗಂಟೆಯಾದರೂ ತೆರೆದ ಬಾನಿನ ಕೆಳಗೆ ಸಂದರೆ, ಖೋಲಿಯು ಕೊಡಲಾರದ್ದನ್ನು ಆ ಅರ್ಧ ಗಂಟೆ ಕೊಡುತ್ತದೆ.

ವಯಸ್ಸಿಗೆ ತಕ್ಕ ಆಟಗಳು

ಈ ಆಟಗಳಿಗೆ ಹಣ ಬೇಡ; ಆಟದ ಸಾಮಾನಿನ ದೊಡ್ಡ ಅಂಗಡಿಗೆ ಹೋಗಬೇಕಾಗಿಯೂ ಇಲ್ಲ.

ಆಗತಾನೇ ನಡೆಯಲು ಕಲಿತ ಕೂಸಿಗೆ, ಅಂದರೆ ಸುಮಾರು ಒಂದೂವರೆ ವರ್ಷದವರೆಗೆ, ಬರಿಗಾಲಿನಲ್ಲಿ ಹುಲ್ಲಿನ ಮೇಲೆ ನಡೆಯುವುದೇ ಒಂದು ಆಟ. ಮೊದಲ ದಿನ ಅತ್ತರೆ ಬಲವಂತ ಬೇಡ. ತಾಯಿ ತಾನೂ ಚಪ್ಪಲಿ ಬಿಟ್ಟು ಹುಲ್ಲಿನಲ್ಲಿ ಕುಳಿತು, ಮಗುವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಅಂಗಾಲಿಗೆ ಹುಲ್ಲನ್ನು ಮೆಲ್ಲನೆ ಸೋಕಿಸಲಿ. ಕೆಲವು ದಿನಗಳಲ್ಲಿ ಅಂಜಿಕೆ ಕಳೆಯುತ್ತದೆ. ಅನಂತರ ಹುಲ್ಲಿನಿಂದ ಮಣ್ಣಿಗೆ, ಮಣ್ಣಿನಿಂದ ಮರಳಿಗೆ, ಮರಳಿನಿಂದ ಸಣ್ಣ ದಿಬ್ಬಕ್ಕೆ ನಡೆಸಬಹುದು. ಇಳಿಜಾರಿನಲ್ಲಿ ಮೇಲೆ ಹತ್ತುವುದಕ್ಕಿಂತ ಕೆಳಗಿಳಿಯುವುದು ಕಷ್ಟ; ಆಗ ಬೆರಳೊಂದನ್ನು ಆಸರೆಯಾಗಿ ಕೊಟ್ಟರೆ ಸಾಕು, ಕೈಯೆಲ್ಲ ಹಿಡಿದೆಳೆಯಬೇಡಿ.

ಮಹಾರಾಷ್ಟ್ರದ ಮನೆಗಳಲ್ಲಿ ಕೂಸು ತಳ್ಳಿಕೊಂಡು ನಡೆಯುವ ಮರದ ಮೂರು ಗಾಲಿಯ ಗಾಡಿಯನ್ನು 'ಪಾಂಗುಳಗಾಡಾ' ಎನ್ನುತ್ತಾರೆ. ಇಂಥ ಗಾಡಿ ನಮ್ಮ ಕಡೆಗೂ ಹೊಸತಲ್ಲ; ಚನ್ನಪಟ್ಟಣದ ಅರಗಿನ ಬಣ್ಣದ ಮರದ ಆಟಿಕೆಗಳಲ್ಲಿಯೂ ಇದನ್ನು ಕಾಣಬಹುದು. ಇಲ್ಲಿ ಮಗು ತನ್ನ ಕಾಲಿನ ಮೇಲೆ ತಾನೇ ನಿಂತು ಗಾಡಿಯನ್ನು ತಳ್ಳುತ್ತದೆ. ಆದರೆ ಮಗುವನ್ನು ನಡುವೆ ತೂಗುಹಾಕುವ ಉರುಟು ಪ್ಲಾಸ್ಟಿಕ್ ವಾಕರ್ ಬೇರೆಯ ವಸ್ತು. ಅದು ನಡಿಗೆಯನ್ನು ಕಲಿಸುವುದಿಲ್ಲ. ಮೆಟ್ಟಿಲುಗಳಿಂದ ಉರುಳಿ ಮಕ್ಕಳಿಗೆ ಪೆಟ್ಟಾಗುವುದನ್ನು ಕಂಡು ಕೆನಡಾ ದೇಶವು 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಅದಕ್ಕೆ ಕೊಡುವ ಹಣವನ್ನು ನಮ್ಮ ಬಂಧುಗಳು ಉಳಿಸಿಕೊಳ್ಳುವುದು ಲೇಸು.

ಒಂದೂವರೆಯಿಂದ ಎರಡೂವರೆ ವರ್ಷದವರಿಗೆ ಎತ್ತುವ, ಎಳೆಯುವ, ಒದೆಯುವ ಆಟಗಳು ಪ್ರಿಯ. ಒಂದು ಸಣ್ಣ ಬುಟ್ಟಿಯನ್ನು ಕೊಟ್ಟು, ಉದುರಿದ ಹೂವು, ಒಣಗಿದ ಎಲೆಗಳನ್ನು ಆಯ್ದು ತುಂಬಲು ಹೇಳಿರಿ. ಕುಕ್ಕರಗಾಲಿನಲ್ಲಿ ಕುಳಿತು, ಎಲೆಯನ್ನೆತ್ತಿ, ಕೈಯೂರದೆ ಏಳುವಾಗ ತೊಡೆ, ಸೊಂಟ, ಬೆನ್ನು ಒಟ್ಟಾಗಿ ದುಡಿಯುತ್ತವೆ. ದೊಡ್ಡ ಹಗುರವಾದ ಚೆಂಡನ್ನು ಒದೆಯಲು ಬಿಡಿರಿ. ಒದೆಯುವುದೆಂದರೆ ಆ ಒಂದು ಕ್ಷಣ ಒಂಟಿ ಕಾಲಿನ ಮೇಲೆ ನಿಲ್ಲುವುದೇ ಅಲ್ಲವೆ?

ಕರಾವಳಿ, ಮಲೆನಾಡುಗಳವರು ಅಡಿಕೆಯ ಹಾಳೆಯ ಸವಾರಿಯನ್ನು ಮರೆತಿರಲಾರರು. ಹಾಳೆಯ ಮೇಲೆ ಒಬ್ಬ ಕೂರುವುದು, ಸೋಗೆ ಹಿಡಿದು ಇನ್ನೊಬ್ಬ ಎಳೆಯುವುದು, ತಿರುವಿನಲ್ಲಿ ಇಬ್ಬರೂ ಬೀಳುವುದು! ಪುಣೆಯಲ್ಲಿ ಅಡಿಕೆ ತೋಟವಿಲ್ಲದಿರಬಹುದು. ಉದ್ಯಾನದಲ್ಲಿ ತಾಳೆಯ ಜಾತಿಯ ಮರಗಳಿಂದ ಉದುರಿದ ಹಾಳೆ ಸಿಕ್ಕಿದರೆ ಅದೇ ಆಯಿತು. ಇಲ್ಲದಿದ್ದರೆ ಕಿರಾಣಿ ಅಂಗಡಿಯ ದಪ್ಪ ರಟ್ಟಿನ ಪೆಟ್ಟಿಗೆಗೆ ಹಗ್ಗ ಕಟ್ಟಿದರಾಯಿತು. ಕುಳಿತ ಮಗು ಮೈಯನ್ನು ನೆಟ್ಟಗೆ ಇರಿಸಿಕೊಳ್ಳಲು ಕಲಿಯುತ್ತದೆ. ಎಳೆಯುವ ಮಗು ಭಾರಕ್ಕೆ ಎದುರಾಗಿ ಕಾಲೂರಲು ಕಲಿಯುತ್ತದೆ. ದೊಡ್ಡವರು ಎಳೆಯುವುದಾದರೆ ನಡಿಗೆಯ ವೇಗವನ್ನು ಮೀರಬಾರದು.

ಎರಡೂವರೆಯಿಂದ ನಾಲ್ಕು ವರ್ಷದವರಿಗೆ ನಿಯಮದ ಆಟಗಳನ್ನು ಪ್ರಾರಂಭಿಸಬಹುದು. ನೆಲದ ಮೇಲೆ ಹಗ್ಗವನ್ನು ಉದ್ದಕ್ಕೆ ಹಾಸಿ, ಅದು ಹೊಳೆಯ ಮೇಲಿನ ಸಂಕವೆಂದೂ ಕೆಳಗೆ ಮೊಸಳೆಯಿದೆಯೆಂದೂ ಹೇಳಿರಿ. ಮಗು ಹೆಜ್ಜೆಯ ಮುಂದೆ ಹೆಜ್ಜೆಯಿಟ್ಟು ದಾಟಲಿ. ನಮ್ಮ ಶಾಲೆಗಳ 'ಕೆರೆ-ದಡ' ಆಟವಂತೂ ಈ ವಯಸ್ಸಿಗೆ ಹೇಳಿ ಮಾಡಿಸಿದಂತಿದೆ. ಒಂದು ವೃತ್ತ ಬರೆದು, 'ಕೆರೆ' ಎಂದಾಗ ಒಳಕ್ಕೂ 'ದಡ' ಎಂದಾಗ ಹೊರಕ್ಕೂ ಎರಡೂ ಕಾಲು ಕೂಡಿಸಿ ನೆಗೆಯಬೇಕು. ಕಿವಿ ಕೇಳಿದ್ದನ್ನು ಕಾಲು ಪಾಲಿಸುವ ಅಭ್ಯಾಸವಿದು. ಜೊತೆಗೆ ಎರಡು ಕನ್ನಡ ಶಬ್ದಗಳೂ ಮಗುವಿನ ಬಾಯಿಗೆ ಬರುತ್ತವೆ. ಮರಾಠಿ ಮಾತಾಡುವ ನೆರೆಯ ಮಕ್ಕಳೂ ಇದೇ ಶಬ್ದಗಳನ್ನು ಹಿಡಿದು ನೆಗೆದಾರು.

ಪ್ರಾಣಿಗಳ ನಡಿಗೆಯೂ ಇದೇ ಜಾತಿಯದು: ಕಪ್ಪೆಯ ಕುಪ್ಪಳ, ಆನೆಯ ಭಾರದ ಹೆಜ್ಜೆ, ಏಡಿಯ ಅಡ್ಡ ನಡಿಗೆ. ಕೊಕ್ಕರೆಯಂತೆ ಒಂದು ಕಾಲೆತ್ತಿ ನಿಲ್ಲುವುದನ್ನು ಎರಡರವರೆಗೆ, ಆಮೇಲೆ ಐದರವರೆಗೆ ಎಣಿಸುತ್ತ ಆಡಿಸಬಹುದು. ದೊಡ್ಡ ಚೆಂಡನ್ನು ಎಸೆದು ಹಿಡಿಯುವುದು ಹೆಚ್ಚಿನ ಮಕ್ಕಳಿಗೆ ಕೈಗೂಡುವುದು ನಾಲ್ಕು ವರ್ಷದ ಹೊತ್ತಿಗೆ. ಆದುದರಿಂದ ಅದಕ್ಕೂ ಮುಂಚೆ ಕೈತಪ್ಪಿದರೆ ಗದರಿಸಬಾರದು. ಕುಂಟೆಬಿಲ್ಲೆ ಅದಕ್ಕಿಂತ ಮುಂದಿನ ಪಾಠ, ಅವಸರ ಬೇಡ.

ಕೊನೆಯದಾಗಿ, ಹೊಟೇಲು ಬಂಧುಗಳ ಮನೆಗೇ ಒಪ್ಪುವ ಆಟವೊಂದನ್ನು ಸೂಚಿಸುತ್ತೇವೆ. ಪುಟ್ಟ ಸ್ಟೀಲು ಲೋಟಕ್ಕೆ ಅರ್ಧ ನೀರು ತುಂಬಿ, ಮೂರು ವರ್ಷದ ಮಗುವಿನ ಕೈಗೆ ಕೊಟ್ಟು, ಹತ್ತು ಹೆಜ್ಜೆ ದೂರದ ಗಿಡವೊಂದಕ್ಕೆ ಹನಿಯೂ ಚೆಲ್ಲದೆ ಒಯ್ದು ಎರೆಯಲು ಹೇಳಿರಿ. ಕಣ್ಣು ಲೋಟದ ಮೇಲೆ, ಕಾಲು ಹುಲ್ಲಿನ ಮೇಲೆ, ಮನಸ್ಸು ಗಿಡದ ಮೇಲೆ. ತಂದೆಯು ದಿನಕ್ಕೆ ನೂರು ಸಲ ಮಾಡುವ ಕೆಲಸವಿದು. ಈ ಆಟಕ್ಕೆ ಅವರಿಗಿಂತ ಯೋಗ್ಯ ಗುರು ಇನ್ನಾರು? ಹೊಟೇಲಿನ ಕೆಲಸವನ್ನು ಕೀಳೆಂದು ಭಾವಿಸಿ ಮಕ್ಕಳೆದುರು ಅದರ ಮಾತೆತ್ತದ ಬಂಧುಗಳಿದ್ದಾರೆ. ತಂದೆಯ ಕೈಚಳಕವನ್ನು ಮಗು ಮೆಚ್ಚಿ ನೋಡುವ ಸುಖವನ್ನು ಅವರೇಕೆ ಕಳೆದುಕೊಳ್ಳಬೇಕು?

ಎಚ್ಚರಿಕೆಯ ನಾಲ್ಕು ಮಾತು

ಬೀಳಲು ಬಿಡಬೇಕೆಂದರೆ ಗಮನವಿಡಬಾರದೆಂದಲ್ಲ. ಆಟಕ್ಕೆ ಬಿಡುವ ಮುನ್ನ ಹುಲ್ಲಿನಲ್ಲಿ ಗಾಜು, ಮುಳ್ಳು, ಇರುವೆಯ ಗೂಡು ಇದೆಯೇ ಎಂದು ನೋಡಬೇಕು. ಮೂರು ವರ್ಷದೊಳಗಿನವರು ಸಿಕ್ಕಿದ್ದನ್ನು ಬಾಯಿಗೆ ಹಾಕುವುದರಿಂದ ಸಣ್ಣ ಹರಳು, ಬೀಜಗಳ ಬಗೆಗೆ ಎಚ್ಚರವಿರಬೇಕು. ಕಾರಂಜಿ, ಕೊಳ, ನೀರಿನ ತೊಟ್ಟಿಯ ಬಳಿ ಮಗುವನ್ನು ಕೈಯಳತೆಯಾಚೆ ಬಿಡಕೂಡದು. ಅಲ್ಲಿ ಮೊಬೈಲು ಜೇಬಿನಲ್ಲಿಯೇ ಇರಲಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಬ್ಬಿಣದ ಜಾರುಬಂಡೆ ಸಂಜೆಯವರೆಗೂ ಕಾದಿರುತ್ತದೆ. ಮೊದಲು ನಮ್ಮ ಕೈಯಿಂದ ಮುಟ್ಟಿ ನೋಡಬೇಕು. ತೂಗುತ್ತಿರುವ ಉಯ್ಯಾಲೆಯ ಮುಂದೆ ಎಳೆಯರು ಸುಳಿಯದಂತೆ ನೋಡಿಕೊಳ್ಳಬೇಕು.

ನಡಿಗೆ ತಡವಾಯಿತೆಂದು ಪಕ್ಕದ ಮನೆಯ ಮಗುವಿನೊಡನೆ ಹೋಲಿಸಿ ಕೊರಗುವ ತಾಯಂದಿರಿಗೂ ಒಂದು ಮಾತು. ಭಾರತವೂ ಸೇರಿದಂತೆ ಐದು ದೇಶಗಳ ಮಕ್ಕಳನ್ನು ಪರಿಶೀಲಿಸಿ ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ನಡೆಯತೊಡಗುವ ಕಾಲ ಸುಮಾರು 8 ತಿಂಗಳಿನಿಂದ 18 ತಿಂಗಳವರೆಗೆ ಹಬ್ಬಿದೆ. ಹೀಗಿರುವಾಗ ಒಂದೆರಡು ತಿಂಗಳ ಹೆಚ್ಚು ಕಡಮೆಗೆ ಅರ್ಥವಿಲ್ಲ. ಆದರೆ 18 ತಿಂಗಳು ಕಳೆದರೂ ಮಗು ತಾನಾಗಿ ನಡೆಯದಿದ್ದರೆ, ಒಂದೇ ಬದಿಯ ಕೈಕಾಲನ್ನು ಬಳಸುತ್ತಿದ್ದರೆ, ಯಾವಾಗಲೂ ತುದಿಗಾಲಿನಲ್ಲಿಯೇ ನಡೆಯುತ್ತಿದ್ದರೆ, ಅಥವಾ ಕಲಿತ ನಡಿಗೆಯನ್ನು ಮರೆಯತೊಡಗಿದರೆ, ಮುಂದಿನ ಬಾರಿ ಊರಿಗೆ ಹೋದಾಗ ತೋರಿಸೋಣವೆಂದು ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಬೇಕು.

ಹೊತ್ತು ಎಲ್ಲಿದೆ?

ಇಷ್ಟೆಲ್ಲ ಸರಿ, ಹೊತ್ತೆಲ್ಲಿದೆ ಎಂದು ವಾಚಕರು ಕೇಳುವುದು ನ್ಯಾಯವೇ. ಬೆಳಗಿನ ಜಾವ ಒಲೆ ಹೊತ್ತಿಸಿ ರಾತ್ರಿ ಷಟರ್ ಎಳೆಯುವವರಿಗೆ ಉದ್ಯಾನದ ಮಾತು ಹಾಸ್ಯವೆನಿಸೀತು. ಆದರೂ ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿಯ ಗಿರಾಕಿ ಬರುವ ಮುನ್ನ ಹಲವು ಹೊಟೇಲುಗಳಲ್ಲಿ ಒಂದು ಬಿಡುವು ಇರುತ್ತದೆ. ದಣಿದ ಮೈ ಆಗ ನಿದ್ರೆಯನ್ನು ಬೇಡುವುದೆಂಬುದನ್ನು ನಾವು ಬಲ್ಲೆವು. ವಾರದಲ್ಲಿ ಎರಡು ದಿನವಾದರೂ ಆ ಬಿಡುವಿನ ಕೊನೆಯ ಅರ್ಧ ಗಂಟೆಯನ್ನು ಮಗುವಿಗೆ ಕೊಡಲಾದೀತೆ ಎಂದಷ್ಟೇ ನಮ್ಮ ಕೇಳಿಕೆ. ಕಚೇರಿಯವರಿಗೆ ಭಾನುವಾರದ ಬೆಳಗು ಇದ್ದೇ ಇದೆ.

ಪುಣೆಯ ಹಲವು ಉದ್ಯಾನಗಳನ್ನು ನಡುಹಗಲಿನಲ್ಲಿ ಮುಚ್ಚುವ ಪದ್ಧತಿಯುಂಟು. ಹೊಟೇಲು ಕೆಲಸಗಾರನ ಬಿಡುವಿನ ವೇಳೆಗೆ ಅವನ ಮಗುವಿನ ಪಾಲಿಗೆ ಬಾಗಿಲು ಹಾಕಿರುತ್ತದೆ. ಬಾಗಿಲ ಮೇಲಿನ ವೇಳಾಪಟ್ಟಿಯನ್ನು ಮೊದಲೇ ನೋಡಿಕೊಳ್ಳಬೇಕು. ಉದ್ಯಾನ ಮುಚ್ಚಿದ್ದರೆ ಗುಡಿಯ ಪ್ರಾಕಾರ, ಶಾಲೆಯ ಬಯಲು, ಚಾಳಿನ ಹಿಂದಣ ಖಾಲಿ ಜಾಗ, ಇವುಗಳಲ್ಲಿ ಯಾವುದಾದರೂ ಆದೀತು. ಮೇಲಾಗಿ, ಎಳೆಯ ಮಕ್ಕಳಿರುವ ಕುಟುಂಬಗಳಿಗಾಗಿ ನೆರಳಿರುವ ಒಂದು ಮೂಲೆಯನ್ನಾದರೂ ಮಧ್ಯಾಹ್ನ ತೆರೆದಿಡಬೇಕೆಂದು ಒಂದು ಅರ್ಜಿಯನ್ನು ಬರೆಯುವುದು ನಮ್ಮ ಕಾರಕೂನ ಮಿತ್ರರಿಗೆ ಕಷ್ಟದ ಕೆಲಸವಲ್ಲ. ಅದರ ಕೆಳಗೆ ರುಜು ಹಾಕಲು ಹೊಟೇಲು ಬಂಧುಗಳು ಹಿಂದೆಗೆಯಲಾರರು.

ಇನ್ನೊಂದು ಸೂಚನೆ. ನವೆಂಬರಿನಲ್ಲಿ ನಡೆಯುವ ನಮ್ಮ ರಾಜ್ಯೋತ್ಸವ ಕೂಟಗಳಲ್ಲಿ ಭಾಷಣಗಳಾಗುತ್ತವೆ, ಸನ್ಮಾನಗಳಾಗುತ್ತವೆ. ತಾಯಂದಿರ ತೊಡೆಯ ಮೇಲೆ ಮಕ್ಕಳು ಚಡಪಡಿಸುತ್ತಿರುತ್ತಾರೆ. ಆ ದಿನ ಬಯಲಿನ ಒಂದು ಬದಿಯಲ್ಲಿ ನಾಲ್ಕು ವರ್ಷದೊಳಗಿನವರಿಗಾಗಿ ಒಂದು ಕೆರೆ-ದಡ, ಒಂದು ಹಗ್ಗದ ಸಂಕ, ಒಂದು ಹಾಳೆಯ ಬಂಡಿ ಇರಲಿ. ಸ್ಪರ್ಧೆ ಬೇಡ, ಬಹುಮಾನ ಬೇಡ. ಮಗರಪಟ್ಟಾದ ಒಳಗಿನ ಮಗುವೂ ಹೊರಗಿನ ಮಗುವೂ ಒಂದೇ ಹಗ್ಗದ ಮೇಲೆ ನಡೆಯಲಿ. ತಂದೆತಾಯಿಗಳ ಪರಿಚಯವೂ ಅಲ್ಲಿಯೇ ಆದೀತು.

ಊರನ್ನು ನಾವು ಹೊಟ್ಟೆಪಾಡಿಗಾಗಿ ಬಿಟ್ಟು ಬಂದೆವು. ಗದ್ದೆಯನ್ನಾಗಲಿ ತೋಟವನ್ನಾಗಲಿ ಮಕ್ಕಳಿಗಾಗಿ ಹೊತ್ತು ತರಲು ಆಗಲಿಲ್ಲ. ಆದರೆ ಗದ್ದೆಯ ಅಂಚು ನಮ್ಮ ಕಾಲಿಗೆ ಕಲಿಸಿದ ವಿದ್ಯೆ ನಮ್ಮೊಡನೆಯೇ ಬಂದಿದೆ. ಅದನ್ನು ಮಕ್ಕಳಿಗೆ ದಾಟಿಸಲು ಒಂದು ಚೂರು ಹುಲ್ಲು, ಅರ್ಧ ಗಂಟೆಯ ಬಿಡುವು, ಮಗು ಬಿದ್ದಾಗ ಚೀರದಿರುವಷ್ಟು ಧೈರ್ಯ ಸಾಕು. ಇಂದಿನ ಸಂಜೆಯೇ ನಮ್ಮ ಬಂಧುಗಳು ಮಗುವನ್ನು ಕಂಕುಳಿನಿಂದ ಕೆಳಗಿಳಿಸಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತು, ಅದು ತಾನಾಗಿ ನಡೆದು ಬರುವುದನ್ನು ಕಾಣಲೆಂದು ಹಾರೈಸುತ್ತೇವೆ.